ಹನ್ನೊಂದು ನಲವತ್ತೆರಡರವರೆಗೆ ಬಾಲಕಿ

೨೦೦೬ನೆಯ ಇಸವಿ ನವೆಂಬರ್ ೨೪, ಶುಕ್ರವಾರ, ಬೆಳಿಗ್ಗೆ ೧೧ ಗಂಟೆ ೪೨ ನಿಮಿಷ ೨೦ ಸೆಕೆಂಡಿಗೆ ಒಂದು ಹೆಣ್ಣುಮಗು ಹುಟ್ಟಿತು. ಹೆರಿಗೆ ವಾರ್ಡಿನ ಗೋಡೆ ಗಡಿಯಾರ ಆಗ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ನರ್ಸಮ್ಮ ಅದನ್ನೇ ಬರೆದುಕೊಳ್ಳಲು ಪೆನ್ನು ತೆಗೆದರು. ಎರಡೂ ಕೈಗೆ ಒಂದೊಂದು ಗಡಿಯಾರ ಕಟ್ಟಿಕೊಂಡು ಬಾಗಿಲಾಚೆ ನಿಂತಿದ್ದ ತಂದೆ, ಮಗು ಗಂಡೋ ಹೆಣ್ಣೋ ಎಂದು ವಿಚಾರಿಸುವುದಕ್ಕೂ ಮುಂಚೆ ಕತ್ತು ಒಳಗೆ ಚಾಚಿ, "ಸಿಸ್ಟರ್, ನಿಮ್ಮ ಗಡಿಯಾರ ಎರಡು ನಿಮಿಷ ನಲವತ್ತು ಸೆಕೆಂಡು ಮುಂದಿದೆ" ಎಂದ.

ಈ ತಂದೆಯನ್ನು ಬೀದಿಯವರೂ ಬಂಧುಗಳೂ ದಶಮಾಂಶ ಎಂದು ಕರೆಯುತ್ತಿದ್ದರು. ಅವನ ಕೆಲಸ ಅಳತೆ ಪರೀಕ್ಷಾ ಕೇಂದ್ರದಲ್ಲಿ. ಅಂಗಡಿಗಳ ತಕ್ಕಡಿ, ಆಸ್ಪತ್ರೆಗಳ ಥರ್ಮಾಮೀಟರು, ಶಾಲೆಗಳ ಸ್ಟಾಪ್‌ವಾಚು, ಇವೆಲ್ಲ ನಿಜ ಹೇಳುತ್ತಿವೆಯೇ ಎಂದು ನೋಡಿ ಸೀಲು ಒತ್ತುವುದು. ದಿನವಿಡೀ ಸುಳ್ಳು ಹೇಳುವ ಯಂತ್ರಗಳ ಸಹವಾಸದಲ್ಲಿದ್ದರೆ ಮನುಷ್ಯ ಎರಡರಲ್ಲಿ ಒಂದಾಗುತ್ತಾನೆ: ವೇದಾಂತಿಯಾಗುತ್ತಾನೆ, ಇಲ್ಲವೇ ಇವನ ಹಾಗಾಗುತ್ತಾನೆ.

ಮಗಳು ಬೆಳೆದಳು. ಹದಿಮೂರನೆಯ ವಯಸ್ಸಿಗೆ ಗಾಳಿ ಪಿಸ್ತೂಲು ಹಿಡಿದಳು. ಅದಕ್ಕೆ ವಯಸ್ಸಿನ ಕಟ್ಟುಪಾಡಿಲ್ಲ. ಆಮೇಲೆ ಶೂಟಿಂಗ್ ಕ್ಲಬ್ಬಿನ ಕೋಚ್ ಪಕ್ಕದಲ್ಲೇ ನಿಂತು ನಿಜವಾದ ಗುಂಡಿನ ಪಿಸ್ತೂಲಿನಲ್ಲೂ ಕೈ ಪಳಗಿಸಿದರು. ಪ್ರಾಂತದ ತಂಡಕ್ಕೆ ಆಯ್ಕೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಈ ಸಲದ ಆಯ್ಕೆ ಬಿದ್ದದ್ದು ನವೆಂಬರ್ ೨೪, ಭಾನುವಾರ. ಅವಳ ಹದಿನೆಂಟನೆಯ ಹುಟ್ಟುಹಬ್ಬ. ಮೂವತ್ತು ಗುಂಡು, ಮುನ್ನೂರಕ್ಕೆ ಇನ್ನೂರ ಎಪ್ಪತ್ತು ಬಂದರೆ ತಂಡಕ್ಕೆ. ಇಲ್ಲವಾದರೆ ಮತ್ತೆರಡು ವರ್ಷ ಕಾಯಬೇಕು. ಹುಡುಗಿ ಕನ್ನಡಿಯ ಮುಂದೆ ಖಾಲಿ ಕೈ ಚಾಚಿ ನಿಂತು ಅಭ್ಯಾಸ ಮಾಡುತ್ತಿದ್ದಳು. ಮನೆಯವರು ಕನ್ನಡಿಯ ಎದುರು ತಲೆ ಬಾಚುವುದನ್ನೇ ಬಿಟ್ಟಿದ್ದರು.

ಐದು ದಿನ ಮೊದಲು ಕ್ಲಬ್ಬಿನ ಕಾರ್ಯದರ್ಶಿಯ ಫೋನು ಬಂತು. ಅವರದು ಬಚ್ಚಲುಮನೆಗೆ ಹಾಕುವ ಟೈಲ್ಸಿನ ಅಂಗಡಿ. ಬಂದೂಕಿಗಿಂತ ಕಾಗದಕ್ಕೆ ಹೆಚ್ಚು ಹೆದರುವ ಜೀವ.

"ಏನಿಲ್ಲ ಸಾರ್, ಒಂದು ಸಣ್ಣ ವಿಷಯ. ಪಿಸ್ತೂಲು ಅಲ್ವಾ, ಹದಿನೆಂಟು ತುಂಬದವರ ಕೈಗೆ ಕೊಡೋ ಹಾಗಿಲ್ಲ ಅಂತ ಕಾನೂನು. ಕೊಟ್ಟವರೂ ಒಳಗೆ, ತಗೊಂಡವರೂ ಒಳಗೆ. ನಿಮ್ಮ ಮಗಳಿಗೆ ಭಾನುವಾರಕ್ಕೆ ಹದಿನೆಂಟು ತುಂಬುತ್ತಲ್ಲ?"

ಭೂಮಿಯ ಮೇಲಿನ ಬೇರೆ ಯಾವ ತಂದೆಯಾದರೂ ಇಲ್ಲಿ "ಹೂಂ" ಎಂದು ಫೋನ್ ಇಟ್ಟು ಊಟಕ್ಕೆ ಏಳುತ್ತಿದ್ದ.

"ಪಂದ್ಯ ಎಷ್ಟು ಗಂಟೆಗೆ?" ಎಂದ ದಶಮಾಂಶ.

"ಹನ್ನೊಂದಕ್ಕೆ."

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

"ಹಾಗಾದರೆ ಶುರುವಿನಲ್ಲಿ ಇಲ್ಲ. ಕೊನೆಯಲ್ಲಿ ಹೌದು."

ಆಚೆ ಕಡೆ ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಬಳಿಕ ಕಾರ್ಯದರ್ಶಿ, "ಸಾರ್, ನೀವು ಇದನ್ನ ನನಗೆ ಹೇಳಲೇ ಇಲ್ಲ ಅಂತ ಇಟ್ಕೊಳ್ಳೋಣ್ವಾ?" ಎಂದು ಅಳುದನಿಯಲ್ಲಿ ಕೇಳಿದರು.

"ಹೇಳಿ ಆಯ್ತಲ್ಲ."

"ಹಾಗಾದ್ರೆ ಪೊಲೀಸರಿಂದ ಒಂದು ಒಪ್ಪಿಗೆ ತಂದ್ಬಿಡಿ. ಇಲ್ದಿದ್ರೆ ಹೆಸರು ತೆಗೀಬೇಕಾಗುತ್ತೆ. ನಂಗೂ ಹೆಂಡ್ತಿ ಮಕ್ಕಳು ಅಂಗಡಿ ಇದೆ ಸಾರ್."

ಊಟದ ಮೇಜಿನಲ್ಲಿ ಈ ಸುದ್ದಿ ಹೊರಬಿದ್ದಾಗ ಹೆಂಡತಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ನಿಮಗೆ 'ಹೂಂ' ಅನ್ನೋಕೆ ಏನ್ರೀ ರೋಗ?"

"ಇದ್ದದ್ದು ಇದ್ದ ಹಾಗೆ ಹೇಳಿದೆ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರಂತೆ. ಹೇಳೋರು ನೀವು, ಒದೆಸಿಕೊಳ್ಳೋಳು ನನ್ನ ಮಗಳು."

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆಯವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ತೀರ್ಪು ಬರಲಿದೆ ಎಂದರ್ಥ. "ಅಳಿಯಂದಿರೇ, ಮಗು ಹುಟ್ಟಿದ್ದು ಹನ್ನೊಂದೂವರೆಗೆ. ನಾನು ಒಳಗೇ ಇದ್ದೆ. ನೀವು ಹೊರಗೆ ನಿಂತು ಕೇಳಿಸಿಕೊಂಡದ್ದು ಪಕ್ಕದ ಮಂಚದವಳ ಮಗು ಅತ್ತದ್ದು."

ಹದಿನೆಂಟು ವರ್ಷಗಳಿಂದ ಅಲುಗದ ದಶಮಾಂಶ ಒಂದು ಕ್ಷಣ ಬೆಚ್ಚಿಬಿದ್ದ. "ಪಕ್ಕದ ಮಂಚ ಖಾಲಿ ಇತ್ತು, ಅತ್ತೆ."

"ಖಾಲಿ ಮಂಚ ನೋಡೋಕೆ ಹೋಗಿದ್ರಾ, ಹೆಂಡತಿನ ನೋಡೋಕೆ ಹೋಗಿದ್ರಾ?"

ಮಗಳು ಇಷ್ಟು ಹೊತ್ತೂ ತಟ್ಟೆಯನ್ನೇ ನೋಡುತ್ತಿದ್ದಳು. ಈಗ ತಾಯಿಯತ್ತ ತಿರುಗಿದಳು. "ಅಮ್ಮಾ, ನಿನ್ನ ಗಂಡನಿಗೆ ಹೇಳು. ಅಷ್ಟು ಕರಾರುವಾಕ್ಕು ಬೇಕು ಅಂದ್ರೆ ಭೂಮಿ ಸೂರ್ಯನ ಸುತ್ತ ಹದಿನೆಂಟು ಸುತ್ತು ಮುಗಿಸೋದು ಶನಿವಾರ ರಾತ್ರಿ ಎಂಟೂ ಇಪ್ಪತ್ತಕ್ಕೆ. ಕ್ಯಾಲೆಂಡರು ಮಧ್ಯೆ ಐದು ಅಧಿಕ ದಿನ ತುರುಕಿದೆ, ಅದಕ್ಕೇ ಹಿಂದೆ ಬಿದ್ದಿದೆ. ಸೂರ್ಯನ ಲೆಕ್ಕದಲ್ಲಿ ಹಿಂದಿನ ರಾತ್ರೀನೇ ನನಗೆ ಹದಿನೆಂಟು."

ದಶಮಾಂಶ ಜೇಬಿನಿಂದ ಪೆನ್ಸಿಲು ತೆಗೆದು ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಗುಣಿಸಿ ಕಳೆದ. ನಿಮಿಷಕ್ಕೆ ಸರಿಯಾಗಿ ಬಂತು. ಉತ್ತರದ ಕೆಳಗೆ ಎರಡು ಗೆರೆ ಎಳೆದ. "ಲೆಕ್ಕ ಸರಿಯಾಗಿದೆ ಮಗಳೇ. ತುಂಬಾ ಚೆನ್ನಾಗಿದೆ. ಆದರೆ ಕಾನೂನಿನಲ್ಲಿ ಸೂರ್ಯನ ಪ್ರಸ್ತಾಪ ಇಲ್ಲ."

ಅಂದಿನಿಂದ ಮಗಳು ತಂದೆಯೊಂದಿಗೆ ಮಾತು ಬಿಟ್ಟಳು. ಏನಿದ್ದರೂ ತಾಯಿಯ ಮೂಲಕ. ತಾಯಿ ಅಡುಗೆಮನೆಯಲ್ಲಿದ್ದರೆ ಅಜ್ಜಿಯ ಮೂಲಕ. ಅಜ್ಜಿ ರವಾನಿಸುವಾಗ ಎರಡು ಬೈಗುಳ ತಮ್ಮ ಲೆಕ್ಕದಿಂದಲೂ ಸೇರಿಸುತ್ತಿದ್ದರು.

ಮೇಲಿನ ಮಹಡಿಯಲ್ಲಿ ಒಬ್ಬ ವಕೀಲರಿದ್ದರು. ದಶಮಾಂಶ ಅವರಲ್ಲಿಗೆ ಹೋದ.

"ಕಾನೂನಿಗೆ ಗಂಟೆ ಗೊತ್ತಿಲ್ಲ ರೀ, ದಿನ ಗೊತ್ತು" ಎಂದರು ವಕೀಲರು. "ಆ ದಿನ ಬೆಳಗಾಯ್ತು ಅಂದ್ರೆ ಹದಿನೆಂಟು. ಹೋಗಿ ಮಲಕ್ಕೊಳ್ಳಿ."

"ಹಾಗಂತ ಪುಸ್ತಕದಲ್ಲಿ ಇದೆಯಾ?"

"ಪುಸ್ತಕದಲ್ಲಿ ಯಾಕಿರಬೇಕು? ಪ್ರಪಂಚಕ್ಕೇ ಗೊತ್ತಿರೋದು."

"ಪ್ರಪಂಚ ಅಂದರೆ ಯಾರು? ಒಂದು ಸಹಿ ಬೇಕಿತ್ತು."

ವಕೀಲರು ಪುಸ್ತಕ ತೆರೆದರು. ಒಂದು ತೆರೆದರು, ಎರಡು ತೆರೆದರು. ಅರ್ಧ ಗಂಟೆಯ ನಂತರ ಕನ್ನಡಕ ಹಣೆಗೇರಿಸಿ, "ನಾನು ನೋಡೋದು ಬರೀ ಸೈಟಿನ ಕೇಸು. ಹೋಗ್ರೀ, ನನ್ನ ನಂಬಿಕೆಗಳನ್ನೆಲ್ಲ ಕೆಡಿಸಬೇಡಿ" ಎಂದು ಬಾಗಿಲು ಹಾಕಿಕೊಂಡರು.

ಇಷ್ಟರಲ್ಲಿ ಕಟ್ಟಡದಲ್ಲಿ ಬೇರೆಯೇ ಕಥೆ ಹಬ್ಬಿತ್ತು. ದಶಮಾಂಶ ಬಾಲ್ಕನಿಯಲ್ಲಿ ನಿಂತು ಕೋಚಿಗೆ ಫೋನಿನಲ್ಲಿ, "ಭಾನುವಾರ ಹನ್ನೊಂದೂ ನಲವತ್ತೆರಡಕ್ಕೆ ಮುಂಚೆ ಅವಳು ಗುಂಡು ಹಾರಿಸಿದರೆ ನಾನೂ ಜೈಲಿಗೆ. ಆಮೇಲೆ ಹಾರಿಸಿದರೆ ತೊಂದರೆ ಇಲ್ಲ" ಎಂದದ್ದು ಎದುರು ಮನೆಯಾಕೆಯ ಕಿವಿಗೆ ಬಿದ್ದಿತ್ತು. ಆಕೆಗೆ ಹುಡುಗಿಯ ಕ್ಲಬ್ಬು ಪಂದ್ಯ ಯಾವುದೂ ತಿಳಿಯದು. ಸಂಜೆಯೊಳಗೆ ನಾಲ್ಕು ಮಹಡಿಗೂ ಗೊತ್ತಾಯಿತು: ಭಾನುವಾರ ಯಾರಿಗೋ ಕಾದಿದೆ, ಹೊತ್ತು ಕೂಡ ಗೊತ್ತುಮಾಡಿದ್ದಾರೆ. ಯಾರಿಗೆ ಎನ್ನುವುದು ಮಾತ್ರ ಗೊತ್ತಾಗಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ತಮಗೇ ಇರಬಹುದೆಂದುಕೊಂಡರು. ಇದೇ ನೆರೆಹೊರೆಯ ಲಕ್ಷಣ, ಪಾಪಪ್ರಜ್ಞೆಗೆ ಬರಗಾಲವಿಲ್ಲ.

ದಶಮಾಂಶನ ಜಾಗದಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದವನು ಅದನ್ನು ಮುಂದಿನ ಬೀದಿಗೆ ಒಯ್ದ. ಕೆಳಗಿನ ಮನೆಯವರ ರೇಡಿಯೋ ಪಿಸುಗುಟ್ಟತೊಡಗಿತು. ಒಂದು ವರ್ಷದಿಂದ ಸೋರುತ್ತಿದ್ದ ಬಚ್ಚಲಿನ ನಲ್ಲಿಯನ್ನು "ನೋಡೋಣ, ನೋಡೋಣ" ಎನ್ನುತ್ತಿದ್ದ ಮನೆ ಮಾಲೀಕರು ಬೆಳಿಗ್ಗೆ ಏಳಕ್ಕೇ ಪ್ಲಂಬರನ್ನು ಕೈಹಿಡಿದು ಕರೆತಂದರು.

"ಎಲ್ಲಿ ಪುಟ್ಟಿ, ಚೆನ್ನಾಗಿದೀಯಾ? ಊಟ ಗೀಟ ಸರಿಯಾಗಿ ಮಾಡ್ತಿದೀಯಾ?" ಎಂದು ಹುಡುಗಿಯನ್ನು ವಿಚಾರಿಸಿದರು. "ಅಂಕಲ್ ಮೇಲೆ ಏನೂ ಬೇಜಾರಿಲ್ಲ ತಾನೆ?"

"ಒಬ್ಬರ ಮೇಲೆ ಮಾತ್ರ ಇದೆ ಅಂಕಲ್" ಎಂದು ಹುಡುಗಿ ಹಲ್ಲು ಕಡಿದಳು.

ಮಾಲೀಕರು ಪ್ಲಂಬರಿಗೆ, "ಹಳೇದು ರಿಪೇರಿ ಬೇಡಪ್ಪ, ಹೊಸದೇ ಹಾಕಿಬಿಡು" ಎಂದರು.

ಗುರುವಾರ ದಶಮಾಂಶ ಪೊಲೀಸ್ ಠಾಣೆಗೆ ಹೋದ. ಪರವಾನಗಿ ಮೇಜಿನ ಹಿಂದೆ ಕುಳಿತಿದ್ದ ದಫೇದಾರರು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಿದ್ದರು.

"ಏನು? ದೂರಾ?"

"ಅದನ್ನೇ ಕೇಳೋಣ ಅಂತ ಬಂದೆ, ದೂರು ಕೊಡಬೇಕಾ ಅಂತ."

"ಯಾರ ಮೇಲೆ?"

"ಮಗಳ ಮೇಲೆ. ಅಪರಾಧ ಇನ್ನೂ ನಡೆದಿಲ್ಲ. ಭಾನುವಾರ ನಡೆಯುತ್ತೆ. ನಲವತ್ತೆರಡು ನಿಮಿಷ ಇಪ್ಪತ್ತು ಸೆಕೆಂಡು ನಡೆದು ತಾನೇ ನಿಂತುಹೋಗುತ್ತೆ."

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ದಫೇದಾರರು ಅದನ್ನು ವಿಷಾದದಿಂದ ನೋಡಿ, ಎದ್ದು, ಅವನನ್ನು ಇನ್ಸ್‌ಪೆಕ್ಟರರ ಕೋಣೆಗೆ ಕರೆದೊಯ್ದರು.

ಇನ್ಸ್‌ಪೆಕ್ಟರು ಪೂರ್ತಿ ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಬಲು ಮೃದುವಾಗಿ, "ಸಾರ್, ನೀವು ಇಲ್ಲಿಗೆ ಬರದೇ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ?" ಎಂದರು.

"ಏನಾಗ್ತಿತ್ತು?"

"ಏನೂ ಆಗ್ತಿರಲಿಲ್ಲ. ಹುಟ್ಟಿದ ದಿನ ನೋಡಿ ಎಲ್ಲರೂ ಸುಮ್ಮನಾಗ್ತಿದ್ರು. ಈಗ ನೀವು ಹೇಳಿಬಿಟ್ರಿ, ನಾನು ಕೇಳಿಬಿಟ್ಟೆ. ಕೇಳಿದ್ದನ್ನ ಕೇಳಿಲ್ಲ ಅನ್ನೋ ಹಾಗಿಲ್ಲ. ನಾಳೆ ಏನಾದ್ರೂ ಆದ್ರೆ, 'ಗೊತ್ತಿದ್ದೂ ಬಿಟ್ಟ' ಅಂತ ನನ್ನ ಕುತ್ತಿಗೆಗೆ ಬರುತ್ತೆ." ದೀರ್ಘವಾಗಿ ಉಸಿರೆಳೆದು ಮೇಲಧಿಕಾರಿಗೆ ಫೋನು ಹಚ್ಚಿದರು. ಮೇಲಧಿಕಾರಿ ತಮ್ಮ ಮೇಲಧಿಕಾರಿಗೆ ಹಚ್ಚಿದರು. ಪ್ರಶ್ನೆ ಬಿಸಿಯಾದ ಪಾತ್ರೆಯ ಹಾಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತ ಮಧ್ಯಾಹ್ನದ ಹೊತ್ತಿಗೆ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಅಲ್ಲಿಂದ ಮುಂದೆ ಅಧಿಕಾರಿಗಳೇ ಇರಲಿಲ್ಲ. ಹಾಗಾಗಿ ಅದು ಅದೇ ದಾರಿಯಲ್ಲಿ ಕೆಳಗಿಳಿಯಿತು.

"ಆಯ್ತು, ಕೇಳಿ" ಎಂದರು ಇನ್ಸ್‌ಪೆಕ್ಟರು. "ಹದಿನೆಂಟು ತುಂಬೋವರೆಗೆ ಪಿಸ್ತೂಲು ಹಿಡೀಬೇಕು ಅಂದ್ರೆ ಪೋಷಕರು ಒಂದು ಮೀಟರಿನ ಒಳಗೆ ನಿಂತಿರಬೇಕು, ಅದು ಕಾನೂನಲ್ಲೇ ಇದೆ. ಅಭ್ಯಾಸದಲ್ಲಿ ಕೋಚೇ ಪೋಷಕ. ಪಂದ್ಯದಲ್ಲಿ ಕೋಚ್ ಸ್ಪರ್ಧಿಗಳು ನಿಲ್ಲೋ ಗೆರೆ ದಾಟೋ ಹಾಗಿಲ್ಲ. ಆದ್ರಿಂದ ನೀವು ನಿಲ್ತೀರಿ."

"ಅವಳ ತಾಯಿ ನಿಂತರೆ? ನನಗಿಂತ ಅವಳಿಗೆ..."

"ಕೇಳೋಕೆ ಬಂದವರು ನೀವು, ನಿಲ್ಲೋರೂ ನೀವೇ. ಇನ್ನೊಂದಿದೆ. ಹದಿನೆಂಟು ತುಂಬಿದವರು ಗುಂಡು ಹಾರಿಸುವಾಗ ಒಂದು ಮೀಟರಿನ ಒಳಗೆ ಯಾರೂ ಇರಬಾರದು. ಅದೂ ಕಾನೂನೇ. ಆದ್ರಿಂದ ಹನ್ನೊಂದು ನಲವತ್ತೆರಡು ಇಪ್ಪತ್ತಾದ ಕೂಡಲೇ ನೀವು ಅಲ್ಲಿಂದ ಜಾಗ ಖಾಲಿ ಮಾಡಬೇಕು. ಮುಂಚೆ ಹೋದ್ರೆ ತಪ್ಪು, ಆಮೇಲೆ ಇದ್ರೆ ತಪ್ಪು. ತಪ್ಪಾಯ್ತು ಅಂದ್ರೆ ಹುಡುಗಿಯ ಎಲ್ಲಾ ಗುಂಡೂ ರದ್ದು. ನಮ್ಮ ದಫೇದಾರರು ಟೇಪು ಹಿಡ್ಕೊಂಡು ಬರ್ತಾರೆ."

ದಶಮಾಂಶನಿಗೆ ಇದು ಬಹಳ ತೃಪ್ತಿಕರವಾಗಿ ಕಂಡಿತು. ಮನೆಯಲ್ಲಿ ಹೇಳಿದಾಗ ಮಗಳು ಕನ್ನಡಿಗೆ ಬೆನ್ನು ಹಾಕಿ ಕುಳಿತು, "ಅಜ್ಜೀ, ಇವರು ಉಸಿರಾಡುವಾಗ ಮೂಗು ಸೀಟಿ ಹೊಡೆಯುತ್ತೆ ಅಂತ ಇವರಿಗೆ ಗೊತ್ತಾ?" ಎಂದಳು.

"ಹದಿನೆಂಟು ವರ್ಷದಿಂದ ಗೊತ್ತಿಲ್ಲ, ಭಾನುವಾರದೊಳಗೆ ಗೊತ್ತಾಗುತ್ತಾ?" ಎಂದರು ಅಜ್ಜಿ.

ಭಾನುವಾರ ಬಂತು. ಕ್ಲಬ್ಬಿನದು ಉದ್ದನೆಯ ಶೆಡ್ಡು. ಇಪ್ಪತ್ತೈದು ಮೀಟರು ಆಚೆ ಕಾಗದದ ಗುರಿಗಳು, ಈಚೆ ಹಲಗೆ ಜೋಡಿಸಿದ ಕಟ್ಟೆ, ಅದರ ಹಿಂದೆ ನೋಡುವವರ ಬೆಂಚುಗಳು. ಎಂಟು ಮಂದಿ ಸ್ಪರ್ಧಿಗಳು ಕಿವಿಗೆ ಮುಚ್ಚಿಗೆ ಹಾಕಿಕೊಂಡು ನಿಂತರು. ಎಂಟನೆಯವಳ ಹಿಂದೆ ಮಾತ್ರ ಒಬ್ಬ ತಂದೆ. ತಂದೆಯ ಹಿಂದೆ ಒಬ್ಬ ದಫೇದಾರರು, ಕೈಯಲ್ಲಿ ಟೇಪು. ಮದುವೆಯ ಫೋಟೋ ತೆಗೆಯುವಾಗ ಸಾಲು ಸರಿಪಡಿಸುವವರ ಹಾಗೆ ಅವರು, "ಇನ್ನು ಚೂರು ಮುಂದೆ ಸಾರ್... ಬೇಡ, ಹಿಂದೆ... ಹಾಂ, ತೊಂಬತ್ತೆಂಟು ಸೆಂಟಿಮೀಟರು. ಅಲ್ಲಾಡಬೇಡಿ" ಎಂದರು.

ಏಳನೆಯ ಸ್ಪರ್ಧಿಯ ತಂದೆ ಔಷಧದ ವ್ಯಾಪಾರಿ. ಬೆಂಚಿನಿಂದಲೇ ಕೂಗಿದರು: "ಇದೇನ್ರೀ ಇದು, ಪೊಲೀಸ್ ಕಾವಲು? ನಮ್ಮ ಹುಡುಗನಿಗೆ ಗಾಬರಿ ಆಗಲ್ವಾ?"

"ನನಗೇ ಗಾಬರಿ ಆಗ್ತಿದೆ, ಕೂತ್ಕೊಳ್ಳಿ" ಎಂದರು ಕಾರ್ಯದರ್ಶಿ.

ಹನ್ನೊಂದಕ್ಕೆ ಗಂಟೆ ಬಾರಿಸಿತು. ಮೊದಲ ಗುಂಡಿಗೆ ದಶಮಾಂಶ ಬೆಚ್ಚಿ ಎರಡು ಸೆಂಟಿಮೀಟರು ಹಿಂದೆ ಹೋದ. ದಫೇದಾರರು ಬೆನ್ನಿಗೆ ಬೆರಳಿಟ್ಟು ಮುಂದೆ ತಳ್ಳಿದರು. ಕಾಲ ಕೆಳಗಿನ ಹಲಗೆ ಕಿರ್ ಎಂದಿತು. ಆ ಸದ್ದಿಗೆ ಮಗಳ ಗುರಿ ತಪ್ಪಿ ಎರಡನೆಯ ಗುಂಡು ಏಳಕ್ಕೆ ಬಿತ್ತು. ಅವಳು ಮುಚ್ಚಿಗೆ ಸರಿಸಿ, ತಿರುಗದೆಯೇ, ಬೆಂಚಿನತ್ತ ಕೂಗಿದಳು: "ಅಮ್ಮಾ! ನಿನ್ನ ಗಂಡ ಹಲಗೆ ತುಳೀತಿದಾರೆ!"

"ರೀ, ಹಲಗೆ ತುಳೀಬೇಡ್ರೀ!"

"ಬೇರೆ ಎಲ್ಲಿ ನಿಲ್ಲಲಿ?" ಎಂದ ದಶಮಾಂಶ, ತುಟಿ ಅಲುಗಿಸದೆ.

ಆಮೇಲೆ ಅವನು ಕಲಿತ. ಅವಳು ಕೈ ಎತ್ತುವಾಗ ಉಸಿರು ಒಳಗೆಳೆದುಕೊಂಡರೆ ಇಳಿಸುವವರೆಗೆ ಬಿಡುತ್ತಿರಲಿಲ್ಲ. ಮೂಗಿನ ಸೀಟಿ ನಿಂತಿತು. ಇಪ್ಪತ್ತನೆಯ ಗುಂಡಿನ ಹೊತ್ತಿಗೆ ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆಯವರು, "ಅಳಿಯಂದಿರು ಹುಡುಗಿಗಿಂತ ಮುಂಚೆ ಮುಗೀತಾರೆ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಆದರೆ ಗುಂಡುಗಳು ಒಂಬತ್ತು, ಒಂಬತ್ತು, ಹತ್ತು ಎಂದು ಬೀಳತೊಡಗಿದ್ದವು. ಕೋಚ್ ಬೆರಳು ಮಡಿಸುತ್ತಿದ್ದರು. ಇಪ್ಪತ್ತೊಂಬತ್ತು ಮುಗಿದಾಗ ಒಟ್ಟು ಇನ್ನೂರ ಅರವತ್ತು. ಕೊನೆಯದು ಹತ್ತೇ ಆಗಬೇಕು. ಒಂಬತ್ತಾದರೆ ಮನೆಗೆ.

ದಶಮಾಂಶ ಎಡಗೈಯ ಗಡಿಯಾರ ನೋಡಿದ. ಹನ್ನೊಂದು ನಲವತ್ತೆರಡು, ಎಂಟು ಸೆಕೆಂಡು. ಮಗಳು ಉಸಿರೆಳೆದು ಕೈ ಎತ್ತಿದಳು. ಹನ್ನೆರಡು. ಕೈ ನಿಧಾನವಾಗಿ ಇಳಿದು ಗುರಿಯಲ್ಲಿ ನಿಂತಿತು. ಹದಿನೆಂಟು. ಅವನು ಹೋಗಬೇಕು. ಇಪ್ಪತ್ತಕ್ಕೆ ಸರಿಯಾಗಿ ಬಲಗಾಲು ಹಿಂದಿಡಬೇಕು. ಬಲಗಾಲಿನ ಹಿಂದಿದ್ದದ್ದು ಅದೇ ಕಿರುಗುಟ್ಟುವ ಹಲಗೆ.

ಇಪ್ಪತ್ತು.

ಎತ್ತಿದ ಕೈ ಬಾಲಕಿಯದು; ಈಗ ಗುರಿಯಲ್ಲಿ ನಿಂತಿರುವ ಕೈ ವಯಸ್ಕಳದು. ದಶಮಾಂಶ ಅಲ್ಲಾಡಲಿಲ್ಲ. ಇಪ್ಪತ್ತೆರಡು. ತಂದೆ ಅಪರಾಧಿಯಾಗಿ ಎರಡು ಸೆಕೆಂಡು ಸಂದವು. ಅವನು ಗಡಿಯಾರದಿಂದ ಕಣ್ಣು ತೆಗೆದು ಅವಳ ಮೊಣಕೈ ನೋಡಿದ. ಆಮೇಲಿನ ಸೆಕೆಂಡುಗಳನ್ನು ಯಾರೂ ಎಣಿಸಲಿಲ್ಲ.

ಗುಂಡು ಹಾರಿತು. ಅವನು ಉಸಿರು ಬಿಟ್ಟ ಸದ್ದು ಗುಂಡಿನ ಸದ್ದಿಗಿಂತ ದೊಡ್ಡದಾಗಿತ್ತು ಎಂದು ಕಾರ್ಯದರ್ಶಿ ಇಂದಿಗೂ ಹೇಳುತ್ತಾರೆ.

ದಫೇದಾರರು ಕೈಗಡಿಯಾರ ಅಲುಗಿಸಿ ಕಿವಿಗಿಟ್ಟುಕೊಂಡರು. "ನಂದು ನಿಂತುಹೋಗಿದೆ. ಸಾರ್, ಈಗ ಟೈಮೆಷ್ಟು? ನೀವು ಇನ್ನೂ ಒಳಗೇ ಇದೀರಿ."

ಔಷಧದ ವ್ಯಾಪಾರಿ ಎದ್ದು ನಿಂತರು. ಕೋಚ್ ಕಣ್ಣು ಮುಚ್ಚಿಕೊಂಡರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು, ಏಕೆಂದರೆ ಗಂಡ ಏನು ಹೇಳುವನೆಂದು ಅವಳಿಗೆ ಸೆಕೆಂಡಿನವರೆಗೆ ಗೊತ್ತಿತ್ತು.

ದಶಮಾಂಶ ಎಡಗೈಯನ್ನೂ ಬಲಗೈಯನ್ನೂ ಜೇಬಿಗೆ ಇಳಿಸಿದ. "ಟೈಮಾ?" ಎಂದ. "ಸುಮಾರು ಹನ್ನೊಂದೂವರೆ... ಹನ್ನೊಂದೂ ಮುಕ್ಕಾಲು ಇರಬಹುದು."

ಅತ್ತೆಯವರ ಕನ್ನಡಕ ತಾನಾಗಿಯೇ ಜಾರಿ ಬಿತ್ತು.

"ಹನ್ನೊಂದೂವರೆ ಅಂದ್ರೆ ಒಳಗಿರಬೇಕು, ಮುಕ್ಕಾಲು ಅಂದ್ರೆ ಇರಬಾರದು" ಎಂದು ದಫೇದಾರರು ತಲೆ ಕೆರೆದುಕೊಂಡರು. "ಎರಡರಲ್ಲಿ ಯಾವುದು?"

"ಅದರ ಮಧ್ಯೆ ಎಲ್ಲೋ."

ದಫೇದಾರರು ಹುಡುಗಿಯ ಮುಖ ನೋಡಿದರು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. "ಮಧ್ಯೆ ಅಂದ್ರೆ ಸರಿಯಾಗೇ ಇದೆ" ಎಂದರು.

ಗುರಿಯ ಕಾಗದವನ್ನು ತಂದು ಮೇಜಿನ ಮೇಲಿಟ್ಟರು. ಮೂವತ್ತನೆಯ ತೂತು ಒಂಬತ್ತರ ಪಟ್ಟಿಯಲ್ಲಿ, ಹತ್ತರ ಗೆರೆಗೆ ಆತುಕೊಂಡು ಕುಳಿತಿತ್ತು. ತೂತಿನ ಅಂಚು ಗೆರೆಯನ್ನು ಮುಟ್ಟಿದ್ದರೆ ಹತ್ತು. ಕೂದಲೆಳೆ ಬಿಟ್ಟಿದ್ದರೆ ಒಂಬತ್ತು.

"ಒಂಬತ್ತು!" ಎಂದರು ಔಷಧದ ವ್ಯಾಪಾರಿ.

"ಮುಟ್ಟಿದೆ!" ಎಂದರು ಕೋಚ್.

"ಕೊಟ್ಟುಬಿಡಿ ಸಾರ್, ಸುಮಾರು ಹತ್ತೇ" ಎಂದ ದಶಮಾಂಶ. ಅವನಿಗೆ ಈಗಷ್ಟೇ ಆ ಮಾತಿನ ರುಚಿ ಹತ್ತಿತ್ತು.

"ಸುಮಾರಾ? ಅಳೀರಿ ಅದನ್ನ! ಭೂತಗನ್ನಡಿ ತನ್ನಿ!" ಎಂದು ಉಳಿದ ಏಳೂ ಸ್ಪರ್ಧಿಗಳ ಮನೆಯವರು ಒಟ್ಟಿಗೆ ಗದ್ದಲವೆಬ್ಬಿಸಿದರು.

ಮಗಳು ಕಿವಿಯ ಮುಚ್ಚಿಗೆ ಕುತ್ತಿಗೆಗೆ ಇಳಿಸಿ ಅವನ ಪಕ್ಕಕ್ಕೆ ಬಂದು ನಿಂತಳು. ತಾಯಿಯ ಕಡೆ ನೋಡಲಿಲ್ಲ, ಅಜ್ಜಿಯ ಕಡೆಯೂ ನೋಡಲಿಲ್ಲ.

"ಅಪ್ಪಾ, ಸುಮ್ಮನಿರು. ಅಳೀಲಿ."

ತೀರ್ಪುಗಾರರು ಭೂತಗನ್ನಡಿಯಿಟ್ಟು ಬಗ್ಗಿದರು. ಶೆಡ್ಡಿನಲ್ಲಿ ಒಂದು ಮೂಗಿನ ಸೀಟಿ ಮಾತ್ರ ಕೇಳುತ್ತಿತ್ತು. ತೂತಿನ ಅಂಚು ಹತ್ತರ ಗೆರೆಯನ್ನು ದಾಟಿ ಒಳಗೆ ಹೋಗಿತ್ತು: ಸೊನ್ನೆ ದಶಮಾಂಶ ಮೂರು ಮಿಲಿಮೀಟರ್.